ಹಸನಬಿಯ ಮನೆಯ ಈಶಾನ್ಯ ಮೂಲೆ

ಗುಡ್ಡದ ಬೆಂಕಿಯನ್ನು ಇಪ್ಪತ್ತಾರು ವರ್ಷ ತನ್ನ ಹೊಸ್ತಿಲಿಗೆ ಬರಗೊಡದ ಹಸನಬಿಯ ಬಾಗಿಲಿಗೆ ಎರಡು ಸಾವಿರದ ಏಳರ ಫೆಬ್ರುವರಿಯಲ್ಲಿ ಸರಕಾರಿ ಕಚೇರಿಯವರು ಒಂದು ನೋಟೀಸು ಅಂಟಿಸಿ ಹೋದರು. ಸದರಿ ಮನೆಯಿಂದ ಬೆಂಕಿಯ ಅಪಾಯವಿದೆ, ಮೂವತ್ತು ದಿನದೊಳಗೆ ತೆರವು ಮಾಡತಕ್ಕದ್ದು, ತಪ್ಪಿದರೆ ನಾವೇ ಬಂದು ಕೆಡವುತ್ತೇವೆ ಎಂದು ಅದರಲ್ಲಿತ್ತು.

ಓದಿ ಹೇಳಿದವನು ಗಂಡ ಮೆಹಬೂಬಸುಭಾನಿ. ಅವನು ಸ್ಟೋವ್ ರಿಪೇರಿಯವನು. ಸೈಕಲ್ಲಿಗೆ ಪೆಟ್ಟಿಗೆ ಕಟ್ಟಿಕೊಂಡು ರೋಣ, ನರಗುಂದದ ಸಂತೆಗಳನ್ನು ಸುತ್ತಿ, ಮಂದಿಯ ಒಲೆಯ ಬೆಂಕಿ ಸರಿಮಾಡಿ ಹೊಟ್ಟೆ ಹೊರೆಯುವವನು. ಎರಡು ಸಲ ಓದಿದ. ಆಮೇಲೆ ಎದ್ದು ಮನೆಯ ಒಳಗೆ ಹೋಗಿ ಸುತ್ತ ನೋಡಿ ಬಂದ.

"ಏ ಹಸನಾ, ನಮ್ಮನ್ಯಾಗ ಸುಡೂವಂಥಾದ್ದು ಏನೈತಿ ಅಂತ ನೋಡಿದೆ. ಬಾಗಿಲಾ, ಹೊರಸು, ನಾನು."

"ನಿಮ್ಮನ್ನ ಸುಡಾಕ ಎಣ್ಣಿ ಭಾಳ ಬೇಕು" ಎಂದಳು ಹಸನಬಿ.

ಖರೇ ಹೇಳಬೇಕೆಂದರೆ ಆ ಮನೆಯಲ್ಲಿ ಕಲ್ಲು ಮತ್ತು ಮಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ. ಗಜೇಂದ್ರಗಡದ ಊರು ಮುಗಿದು ಗುಡ್ಡ ಏಳುವಲ್ಲಿ, ಮಾವ ಕಟ್ಟಿದ ಒಂದಂಕಣದ, ಮಣ್ಣಿನ ಚಾವಣಿಯ ಮಾಳಿಗೆ ಮನೆ. ಹಸನಬಿ ಲಕ್ಕಲಕಟ್ಟಿಯವಳು. ನರಗುಂದದಲ್ಲಿ ರೈತರ ಗಲಾಟೆಯಾಗಿ ಬಸ್ಸು ನಿಂತ ವರ್ಷ ಅವಳ ನಿಕಾ ಆಯಿತು. ಬೀಗರು ನಡೆದುಕೊಂಡೇ ಬಂದರು, ಅವಳು ನಡೆದುಕೊಂಡೇ ಗಂಡನ ಮನೆಗೆ ಬಂದಳು. ಬಂದ ಮೂರನೆಯ ದಿನ ಅತ್ತೆ ಕೈಗೆ ಕುಡಗೋಲು ಕೊಟ್ಟು ಗುಡ್ಡ ತೋರಿಸಿದಳು. ಅವತ್ತಿನಿಂದ ದೀಪಾವಳಿಯಿಂದ ಹೋಳಿಯವರೆಗೆ ಹುಲ್ಲು ಕೊಯ್ಯುವುದು, ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ಎಮ್ಮೆ ಸಾಕಿದವರ ಮನೆಗೆ ಹಾಕುವುದು ಅವಳ ಕಸುಬು.

ಅವಳ ಕಸುಬಿನಲ್ಲಿ ಒಂದು ಕ್ರಮವಿತ್ತು. ಮೊದಲು ಮನೆಯ ಸುತ್ತಲಿನದು, ಆಮೇಲೆ ಗುಡ್ಡದ ಬುಡದ್ದು, ಆಮೇಲೆ ಮೇಲಿನದು. ಹೀಗಾಗಿ ಬ್ಯಾಸಗಿಯಲ್ಲಿ ಯಾರೋ ಬೀಡಿ ಒಗೆದೋ, ಹೊಸ ಹುಲ್ಲು ಚಲೋ ಬರಲಿ ಎಂದು ಕುರಿಯವರು ಕಡ್ಡಿ ಗೀರಿಯೋ ಗುಡ್ಡಕ್ಕೆ ಬೆಂಕಿ ಬಿದ್ದರೆ, ಅದು ಇಳಿದು ಬಂದು ಬುಡದ ಬೋಳು ನೆಲದಲ್ಲಿ ತಿನ್ನಲು ಏನೂ ಸಿಗದೆ ಸಾಯುತ್ತಿತ್ತು. ಇದಕ್ಕೆ ಯಾರೂ ಅವಳಿಗೆ ಶಾಲು ಹೊದಿಸಿರಲಿಲ್ಲ. ಅವಳಿಗೂ ತಾನೊಂದು ದೊಡ್ಡ ಕೆಲಸ ಮಾಡುತ್ತಿದ್ದೇನೆ ಎಂಬ ಖಬರು ಇರಲಿಲ್ಲ. ಹತ್ತಿರದ ಹುಲ್ಲು ಬಿಟ್ಟು ದೂರದ್ದು ಕೊಯ್ಯಲು ಅವಳಿಗೇನು ತಲೆ ಕೆಟ್ಟಿತ್ತೆ?

ಹಿಂದಿನ ವರ್ಷ ಓಣಿಯ ಸಾವ್ಕಾರ ಪ್ರಭುಲಿಂಗಪ್ಪ ಗುಡ್ಡದ ಬುಡದ ತನ್ನ ಹೊಲವನ್ನು ಲೇಔಟು ಮಾಡಿದ. ನಲವತ್ತೆಂಟು ಪ್ಲಾಟು, ಎರಡು ರಸ್ತೆ, ಪಾರ್ಕು ಎಂದು ಬರೆದ ಒಂದು ತಗ್ಗು. ಹಸನಬಿಯ ಮನೆ ನಿಂತ ಜಾಗ ಅವನ ಅಪ್ಪ ಅವಳ ಮಾವನಿಗೆ ಹೊಲ ಕಾಯ್ದದ್ದಕ್ಕೆ ಕೊಟ್ಟದ್ದು. ಬಾಯಿಮಾತಿನಲ್ಲಿ ಕೊಟ್ಟದ್ದು, ಕಾಗದವಿಲ್ಲ. ಅಪ್ಪನ ಬಾಯಿ ಮಣ್ಣಾದ ಮೇಲೆ ಮಾತೂ ಮಣ್ಣಾಯಿತು.

ಗುಡ್ಡದ ಬುಡದ ಲೇಔಟಿಗೆ ಮಂಜೂರಿ ಬೇಕಾದರೆ ಬೆಂಕಿಯ ನಿಯಮ ಪಾಲಿಸಬೇಕು ಎಂದು ಕಚೇರಿಯವರು ಹೇಳಿದರು. ಗುಡ್ಡಕ್ಕೂ ಮೊದಲ ಸಾಲಿನ ಪ್ಲಾಟಿಗೂ ನಡುವೆ ಅರವತ್ತು ಅಡಿ ಸುರಕ್ಷಾ ಪಟ್ಟಿ ಬಿಡಬೇಕು. ಪಟ್ಟಿಯಲ್ಲಿ ಹುಲ್ಲು ಇರಬಾರದು. ಮನೆ ಇರಬಾರದು. ಸುತ್ತ ಬೇಲಿ ಇರಬೇಕು. ಒಳಗೆ ಮನುಷ್ಯರು ಹೋಗಬಾರದು. ಒಂದೊಂದಾಗಿ ಓದಿದರೆ ಎಲ್ಲವೂ ಶಾಣ್ಯಾತನದ ಮಾತೇ. ಮನುಷ್ಯರು ಒಳಗೆ ಹೋಗದೆ ಹುಲ್ಲು ತಾನಾಗಿ ಹೊರಗೆ ಹೇಗೆ ಬರಬೇಕು ಎಂಬುದನ್ನು ಮಾತ್ರ ಯಾರೂ ಕೇಳಲಿಲ್ಲ.

ಅಳತೆಗೆ ಸರ್ವೇಯರ ಅನಂತರಾಯರು ಬಂದರು. ಅಳತೆ ಶುರುಮಾಡಲು ಮೂಲೆಯ ಬಾಂದಗಲ್ಲು ಬೇಕು. ಸರಕಾರ ಯಾವ ಕಾಲದಲ್ಲೋ ನೆಟ್ಟ, ತಲೆಯ ಮೇಲೆ ಕೂಡಿಸುವ ಗುರುತು ಕೊರೆದ ಗಡಿಕಲ್ಲು ಅದು. ಒಪ್ಪತ್ತು ಹುಡುಕಿದರು, ಸಿಗಲಿಲ್ಲ. ದಣಿದು ಬಂದು ಹಸನಬಿಯ ಹಿತ್ತಲಲ್ಲಿ ಅರಬಿ ಒಗೆಯುವ ಕಲ್ಲಿನ ಮೇಲೆ ಕೂತು ಚಹಾ ಕೇಳಿದರು. ಅವರು ಕೂತದ್ದೇ ಬಾಂದಗಲ್ಲು. ಮೂವತ್ತು ವರ್ಷದ ಹಿಂದೆ ಅತ್ತೆ ಅದನ್ನು ಕಿತ್ತು ಉರುಳಿಸಿಕೊಂಡು ತಂದು, ಒಗೆಯಲು ಚಲೋ ಐತಿ ಎಂದು ಅಡ್ಡ ಮಲಗಿಸಿದ್ದಳು. ಗುರುತಿನ ತಲೆ ಗೋಡೆಯ ಕಡೆಗಿತ್ತು. ಹಸನಬಿ ಚಹಾ ಕೊಟ್ಟಳು, ಕಲ್ಲಿನ ಮಾತು ಎತ್ತಲಿಲ್ಲ. ಎತ್ತಿದ್ದರೆ ಸತ್ತ ಅತ್ತೆಯ ಮೇಲೆ ಸರಕಾರಿ ಕಲ್ಲು ಕದ್ದ ಕೇಸು, ಬದುಕಿದ ಸೊಸೆಗೆ ಕೋರ್ಟಿನ ತಿರುಗಾಟ.

ಚಹಾ ಕುಡಿದ ಅನಂತರಾಯರಿಗೆ ಬುದ್ಧಿ ಓಡಿತು. ಕಲ್ಲಿಲ್ಲದಿದ್ದರೆ ಏನಾಯಿತು, ಅಲ್ಲಾಡದೆ ನಿಂತ ಇನ್ನೊಂದು ವಸ್ತು ಇದೆಯಲ್ಲ! 'ಹಸನಬಿಯ ಮನೆಯ ಈಶಾನ್ಯ ಮೂಲೆಯಿಂದ ಗುಡ್ಡದ ಕಡೆಗೆ ಇಪ್ಪತ್ತು ಅಡಿ, ಪ್ಲಾಟಿನ ಕಡೆಗೆ ನಲವತ್ತು ಅಡಿ' ಎಂದು ಬರೆದು ನಕ್ಷೆ ಮುಗಿಸಿದರು. ನಲವತ್ತೆಂಟು ಪ್ಲಾಟೂ, ಎರಡು ರಸ್ತೆಯೂ, ಪಾರ್ಕೂ ಆ ಮೂಲೆಯಿಂದಲೇ ಅಳೆದುಕೊಂಡು ಹೋದವು. ಬಾಂದಗಲ್ಲು ಎಲ್ಲ ಕಡೆ ಹುಡುಕಲಾಗಿದ್ದು ಸಿಕ್ಕಿರುವುದಿಲ್ಲ ಎಂದು ಕೆಳಗೆ ಸಹಿಯನ್ನೂ ಹಾಕಿದರು.

ಅರವತ್ತು ಅಡಿ ಪಟ್ಟಿಯ ನಡುವೆ ಮನೆ ಸಿಕ್ಕಿತು. ಪ್ರಭುಲಿಂಗಪ್ಪ ಕಲ್ಲಿನ ಕಂಬ ತುಟ್ಟಿ ಎಂದು ನೀಲಗಿರಿ ಕಂಬ ನೆಟ್ಟು ತಂತಿ ಎಳೆದ. ಕೆಂಪು ಬಣ್ಣದ ಕಟ್ಟಿಗೆಯ ಗೂಟ ಹೊಡೆಸಿದ. 'ಸುರಕ್ಷಾ ಪಟ್ಟಿ. ಒಳಗೆ ಬರಬಾರದು. ಬೆಂಕಿ ಹಚ್ಚಬಾರದು' ಎಂಬ ಹಲಗೆಗಳು ಎದ್ದವು. ಒಂದು ಕಟ್ಟಿಗೆಯ ಗೇಟು, ಗೇಟಿಗೆ ಗುರುಸಂಗಪ್ಪ ಎಂಬ ಕಾವಲುಗಾರ, ಗುರುಸಂಗಪ್ಪನಿಗೆ ಒಂದು ರಜಿಸ್ಟರು. ಹಸನಬಿ ತನ್ನ ಮನೆಗೆ ಹೋಗಬೇಕಾದರೆ ಹೆಬ್ಬೆಟ್ಟು ಒತ್ತಬೇಕು.

"ಯಾವ ಕೆಲಸಕ್ಕ ಒಳಗ ಹೊಂಟಿ?" ಗುರುಸಂಗಪ್ಪ ದಿನಾ ಕೇಳುತ್ತಿದ್ದ.

"ರೊಟ್ಟಿ ಬಡ್ಯಾಕ."

"ನಿನ್ನಿನೂ ಅದನ್ನ ಹೇಳಿದ್ದಿ."

"ನಿನ್ನಿದು ನಿನ್ನಿ ತಿಂದ್ವೆಪ್ಪಾ."

ಗೇಟಿನಿಂದ ಬಾಗಿಲಿಗೆ ಮೂರಡಿ ಅಗಲದ ದಾರಿ. ದಾರಿ ಬಿಟ್ಟು ಹುಲ್ಲಿಗೆ ಕಾಲಿಡುವಂತಿಲ್ಲ, ಕುಡಗೋಲು ಆಡಿಸುವಂತಂತೂ ಇಲ್ಲವೇ ಇಲ್ಲ. ಹುಲ್ಲು ತೆಗೆಯಲು ಲೈಸೆನ್ಸಿದ್ದ ಗುತ್ತಿಗೆದಾರನೇ ಬೇಕಂತೆ. ಗುತ್ತಿಗೆದಾರ ಒಮ್ಮೆ ಬಂದ, ಬೇಲಿಯ ಹೊರಗೆ ನಿಂತು ನೋಡಿದ, ಹೋದ. ಮಳೆಗಾಲ ಚಲೋ ಆಯಿತು. ದನ ಬರದ, ಕುಡಗೋಲು ಬೀಳದ, ಯಾರೂ ತುಳಿಯದ ಹುಲ್ಲು ಸುರಕ್ಷಾ ಪಟ್ಟಿಯಲ್ಲಿ ಬೆಳೆಯಿತು ನೋಡಿ, ಗುಡ್ಡದ ಹುಲ್ಲು ಅದರ ಮುಂದೆ ತಲೆ ತಗ್ಗಿಸಬೇಕು. ಫೆಬ್ರುವರಿಗೆ ಅದು ಒಣಗಿ, ಹಲಗೆಯ ಮೇಲಿನ 'ಬೆಂಕಿ' ಎಂಬ ಅಕ್ಷರದವರೆಗೆ ಬಂತು. ಅದರ ನಡುವೆ ಬೋಳಾಗಿ ಉಳಿದದ್ದೆಂದರೆ ಹಸನಬಿಯ ಮನೆ, ಹಿತ್ತಲು ಮತ್ತು ಆ ಮೂರಡಿ ದಾರಿ. ಆಗ ಬಂದದ್ದು ನೋಟೀಸು. ಬೆಂಕಿಯ ಅಪಾಯ ಆ ಮನೆಯಿಂದಲಂತೆ.

ಅವಳು ನೋಟೀಸು ಕಿತ್ತುಕೊಂಡು ನೇರ ಪ್ರಭುಲಿಂಗಪ್ಪನ ಲೇಔಟು ಆಫೀಸಿಗೆ ಹೋದಳು. ಅವನು ಫ್ಯಾನಿನ ಕೆಳಗೆ ಕೂತು ಸೇಂಗಾ ತಿನ್ನುತ್ತಿದ್ದ.

"ಸಾವ್ಕಾರ್ರ, ನಮ್ಮನಿ ಏನ್ ಬೀಡಿ ಸೇದತೈತೇನ್ರಿ?"

"ಕೂಡವ್ವಾ. ಅದನ್ನ ನಾ ಬರದಿಲ್ಲ. ನಿಯಮ ಐತಿ."

"ಹಂಗಂದ್ರ ನಿಯಮಾನ ಕರೀರಿ, ಅದರ ಸಂಗಾಟ ಮಾತಾಡತೀನಿ."

"ಸಿಟ್ಟಾಗಬ್ಯಾಡ. ನಿನ್ನ ಹಿತಕ್ಕ ಐತಿ ಇದು. ನಾಳೆ ಗುಡ್ಡದಾಗಿಂದ ಬೆಂಕಿ ಬಂದ್ರ ನಿನ್ನ ಮನಿ ಸುಡತೈತಿ."

"ಅದಕ್ಕ ಮೊದಲ ನೀವು ಕೆಡವತೀರಿ."

"ಹೌದು ಮತ್ತ. ಮನೀನ ಇಲ್ಲಂದ್ರ ಸುಡೂದೇನು?" ಎಂದು ಪ್ರಭುಲಿಂಗಪ್ಪ ನಕ್ಕ. ತಾನು ಹೇಳಿದ್ದು ಅವನಿಗೇ ಭಾಳ ಪಸಂದ ಬಿತ್ತು.

"ಪಟ್ಟ್ಯಾಗಿನ ಹುಲ್ಲು ನನ್ನ ಎದಿಮಟ ಬಂದೈತಿ. ಕೊಯ್ಯಾಕ ಬಿಡ್ರಿ. ಕೂಲಿ ಬ್ಯಾಡ, ಹುಲ್ಲು ಒಯ್ತೀನಿ."

"ಅಲ್ಲಿ ಮಂದಿ ಹೋಗಾಂಗಿಲ್ಲವ್ವಾ. ಬೆಂಕಿ ಹತ್ತೂ ಜಾಗ ಅದು. ನಿನಗ ಏನರ ಆದ್ರ?"

"ಅಲ್ಲೇ ಇರತೀನ್ರಿ ನಾ!"

"ಅದಕ್ಕ ಬಿಡು ಅನ್ನಾಕ ಹತ್ತೀವಿ."

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಹಸನಬಿ ಅವನ ಸೇಂಗಾದಲ್ಲಿ ಒಂದು ಮುಷ್ಟಿ ಎತ್ತಿಕೊಂಡು ಮನೆಗೆ ಬಂದಳು. ಬೇರೆ ಮನೆ ಎಂಬುದು ಅವಳಿಗಿರಲಿಲ್ಲ. ಬಾಡಿಗೆ ಹಿಡಿದರೆ ಹೊರೆ ಇಳಿಸಲು ಅಂಗಳವಿಲ್ಲ, ಅಂಗಳವಿಲ್ಲದಿದ್ದರೆ ಕಸುಬಿಲ್ಲ. ಹೀಗೇ ಹತ್ತು ದಿನ ಹೋದವು, ನೋಟೀಸಿನಲ್ಲಿ ಇನ್ನು ಇಪ್ಪತ್ತು ಉಳಿದವು.

ಅಷ್ಟರಲ್ಲಿ ಹೋಳಿ ಬಂತು. ಈ ಕಡೆ ಹೋಳಿಗೆ ಒಂದು ಕಾಯಿದೆ ಇದೆ. ಕಾಮಣ್ಣನನ್ನು ಸುಡಲು ಕಟ್ಟಿಗೆ ಬೇಕು, ಆ ಕಟ್ಟಿಗೆ ಕದ್ದದ್ದೇ ಆಗಿರಬೇಕು. ಹೋಳಿಯ ಐದು ದಿನ ಮನೆಯ ಹೊರಗಿರುವ ಕಟ್ಟಿಗೆಗೆಲ್ಲ ಕಾಮಣ್ಣನೇ ಮಾಲಕ. ಕಳಕೊಂಡವನು ನಗಬೇಕು. ನಗದೆ ಜಗಳಕ್ಕೆ ಬಂದರೆ ಅವನ ಮನೆಯ ಮುಂದೆ ಓಣಿಯ ಮಂದಿಯೆಲ್ಲ ನಿಂತು, ಅವನೇ ಸತ್ತವನೆಂಬಂತೆ ಬಾಯಿ ಬಡಿದುಕೊಂಡು ಅಳುತ್ತಾರೆ. ಅದು ಮುಂದಿನ ಹೋಳಿಯವರೆಗೆ ಹೋಗದ ಅವಮಾನ.

ಹೋಳಿಗೆ ಹಲಗಿ ಎಂಬ ಚರ್ಮವಾದ್ಯ ಬಾರಿಸುವ ಓಣಿಯ ಮೇಳಕ್ಕೆ ಪರಶಪ್ಪ ಮುಖ್ಯಸ್ಥ. ಪೇಟೆಯಲ್ಲಿ ಚೀಲ ಹೊರುವ ಹಮಾಲ, ನಲವತ್ತೈದರ ಗಡವ, ಮೆಹಬೂಬಸುಭಾನಿಯ ದೋಸ್ತ. ಮಟಮಟ ಮಧ್ಯಾಹ್ನ ಏಳೆಂಟು ಮಂದಿ ಹಮಾಲರ ಜೋಡಿ ಬಂದ. ಗುರುಸಂಗಪ್ಪ ಊಟಕ್ಕೆ ಹೋಗಿದ್ದ.

"ವೈನೀ, ಕಾಮಣ್ಣಗ ಕಟಗಿ ನೀಡ್ರಿ!"

"ನಮ್ಮನ್ಯಾಗ ಇರೂದೊಂದು ಹೊರಸು. ಅದರ ಮ್ಯಾಲ ನಿಮ್ಮಣ್ಣ ಮಲಗ್ಯಾರ. ಇಬ್ಬರನ್ನೂ ಒಯ್ರಿ, ಹಬ್ಬ ಜೋರ ಆಗತೈತಿ."

"ಅಣ್ಣ ಹಸಿ ಕಟಗಿ, ಹೊಗಿ ಭಾಳ" ಎಂದ ಪರಶಪ್ಪ. ಹಮಾಲರು ನಕ್ಕರು. ಪರಶಪ್ಪನ ಕಣ್ಣು ಬೇಲಿಯ ಮೇಲೆ ಹೋಯಿತು. ಆ ತುದಿಯಿಂದ ಈ ತುದಿಯವರೆಗೆ ಹೋಯಿತು, ತಿರುಗಿ ಬಂತು.

"ಇವು ಯಾರವು ವೈನಿ?"

ಹಸನಬಿ ತಲೆಯ ಸೆರಗು ಸರಿಮಾಡಿಕೊಂಡಳು. "ಸಾವ್ಕಾರ್ರನ್ನ ಕೇಳಿದ್ರ ಸರಕಾರದ್ದು ಅಂತಾರ. ಸರಕಾರದಾವ್ರನ್ನ ಕೇಳಿದ್ರ ಸಾವ್ಕಾರ್ರದು ಅಂತಾರ."

"ಮನಿ ಒಳಗದಾವೋ ಹೊರಗದಾವೋ?"

"ನನ್ನ ಮನಿ ಒಳಗಂತೂ ಇಲ್ಲಪಾ. ನಾ ಒಳಗ ರೊಟ್ಟಿ ಬಡ್ಯಾಕ ಹೊಂಟೀನಿ, ರೊಟ್ಟಿ ಸಪ್ಪಳದಾಗ ನನಗೇನೂ ಕೇಳಾಂಗಿಲ್ಲ."

ಅವತ್ತು ಅವಳು ಇಬ್ಬರಿಗೆ ಹದಿನಾಲ್ಕು ರೊಟ್ಟಿ ಬಡಿದಳು. ಹೊರಗೆ ಬಂದು ನೋಡಿದರೆ ತಂತಿ ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಇಟ್ಟಿತ್ತು. ಕಂಬ ಇಲ್ಲ, ಹಲಗೆ ಇಲ್ಲ, ಗೂಟ ಇಲ್ಲ, ಗೇಟು ಇಲ್ಲ. ಗುರುಸಂಗಪ್ಪ ಊಟ ಮಾಡಿ ಬಂದವನು ಗೇಟು ಇದ್ದ ಜಾಗದಲ್ಲಿ ನಿಂತು ಸುತ್ತ ತಿರುಗಿ ನೋಡುತ್ತಿದ್ದ.

"ನನ್ನ ಕುರ್ಚಿ ಸುದ್ದಾ ಒಯ್ದಾರಲ್ಲವಾ! ಅದು ನನ್ನ ಸ್ವಂತದ್ದು, ಮಾವ ಕೊಟ್ಟಿದ್ದು!"

"ನಗಪಾ ತಮ್ಮಾ" ಎಂದಳು ಹಸನಬಿ. "ನಗಲಿಲ್ಲಂದ್ರ ಬಾಯಿ ಬಡಕೋತಾರ."

ಗುರುಸಂಗಪ್ಪ ನಕ್ಕ. ಅಷ್ಟು ದುಃಖದ ನಗೆಯನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಕಾಮದಹನ. ಆ ಓಣಿಯಲ್ಲಿ ಕಾಮಣ್ಣನಿಗೆ ಬೆಂಕಿ ಕೊಡುವ ಮಾನ ತಲೆತಲಾಂತರದಿಂದ ಪ್ರಭುಲಿಂಗಪ್ಪನ ಮನೆತನದ್ದು. ಅವನು ಮಡಿ ಧೋತರ ಉಟ್ಟು, ಹಲಗಿ ಬಾರಿಸುತ್ತ ಕರೆತಂದ ಮಂದಿಯ ನಡುವೆ, ಕೈಯಲ್ಲಿ ಪಂಜು ಹಿಡಿದು ಬಂದ. ಬಂದವನು ಕಟ್ಟಿಗೆಯ ಗುಡ್ಡೆ ನೋಡಿದ. ಕೆಂಪು ಗೂಟಗಳ ಗುರುತು ಹತ್ತಿತು. 'ಬೆಂಕಿ ಹಚ್ಚಬಾರದು' ಎಂಬ ಹಲಗೆ ಎಲ್ಲಕ್ಕೂ ಮೇಲೆ, ಕಾಮಣ್ಣನ ಎದೆಗೆ ಆತುಕೊಂಡು ನಿಂತಿತ್ತು. ಅವನ ಬಾಯಿ ತೆರೆಯಿತು. ಪರಶಪ್ಪ ಹಲಗಿ ನಿಲ್ಲಿಸಿ, ಅಂಗೈಯನ್ನು ಬಾಯಿಯ ಹತ್ತಿರ ಒಯ್ದು, ಬಾಯಿ ಬಡಿದುಕೊಳ್ಳಲು ತಯಾರಾಗಿ ನಿಂತ. ಹಿಂದೆ ಇಡೀ ಓಣಿ ಕೈ ಎತ್ತಿತು. ಪ್ರಭುಲಿಂಗಪ್ಪ ಬಾಯಿ ಮುಚ್ಚಿದ. ಆಮೇಲೆ ನಕ್ಕ. ನಕ್ಕು, ತನ್ನ ಬೇಲಿಗೆ ತಾನೇ ಬೆಂಕಿ ಕೊಟ್ಟ. ಹಸನಬಿ ರೂಢಿಯ ಪ್ರಕಾರ ಎರಡು ಕೆಂಡ ತಂದು ಒಲೆ ಹೊತ್ತಿಸಿದಳು. ನೀಲಗಿರಿಯ ಕೆಂಡಕ್ಕೆ ಕಾವು ಚಲೋ ಇತ್ತು.

ಬೇಲಿ ಹೋದ ಮೇಲೆ ದಾರಿ ಯಾವುದು, ಪಟ್ಟಿ ಯಾವುದು? ಹಸನಬಿ ಸೊಂಟಕ್ಕೆ ಸೆರಗು ಬಿಗಿದು ಕುಡಗೋಲು ಹಿಡಿದಳು. ಜೋಡಿಗೆ ಊರೊಳಗಿನ ಮೈಮುನಬಿ ಎಂಬ ಇನ್ನೊಬ್ಬ ಹುಲ್ಲಿನವಳನ್ನು ಕರೆದುಕೊಂಡಳು. ಗುರುಸಂಗಪ್ಪ ಎರಡು ದಿನ ರಜಿಸ್ಟರು ಹಿಡಿದು ಅವರ ಹಿಂದೆ ತಿರುಗಿದ. ಗೇಟಿನಿಂದ ಬಂದವರ ಹೆಸರು ಬರೆಯಲು ಅವನಿಗೆ ಹೇಳಿದ್ದರು. ಗೇಟೇ ಇಲ್ಲದ್ದರಿಂದ ಯಾರೂ ಬಂದಂತಾಗಲಿಲ್ಲ. ಮೂರನೆಯ ದಿನ ತನ್ನ ಎಮ್ಮೆಗೂ ಒಂದು ಹೊರೆ ಕೇಳಿದ. ಎಂಟು ದಿನದಲ್ಲಿ ಸುರಕ್ಷಾ ಪಟ್ಟಿ ಕ್ಷೌರ ಮಾಡಿಸಿಕೊಂಡ ತಲೆಯಂತಾಯಿತು.

ಹತ್ತನೆಯ ದಿನ ಇಳಿಹೊತ್ತಿಗೆ ಗುಡ್ಡದ ನೆತ್ತಿಯಲ್ಲಿ ಹೊಗೆ ಎದ್ದಿತು. ಗಾಳಿ ಊರ ಕಡೆಗಿತ್ತು. ಬೆಂಕಿ ಪಟಪಟ ಎನ್ನುತ್ತ ಅಗಲವಾಗಿ ಇಳಿಯಿತು. ಹಸನಬಿ ಲಕ್ಕಿ ಸೊಪ್ಪಿನ ಟೊಂಗೆ ಮುರಿದುಕೊಂಡು ಅಂಗಳದಲ್ಲಿ ನಿಂತಳು. ಬೆಂಕಿ ಪಟ್ಟಿಯ ಅಂಚಿಗೆ ಬಂತು, ಮೂಸಿ ನೋಡಿತು, ತಿನ್ನಲು ಏನೂ ಇಲ್ಲವೆಂದು ತಿಳಿದು ಕೂತಲ್ಲೇ ಕರ್ರಗಾಯಿತು. ಹಾರಿ ಬಂದ ನಾಲ್ಕು ಕಿಡಿಗಳನ್ನು ಅವಳು ಟೊಂಗೆಯಿಂದ ಬಡಿದಳು. ಅಷ್ಟೇ.

ಮೂವತ್ತನೆಯ ದಿನ ಕಚೇರಿಯ ಸಾಹೇಬರು ಜೀಪಿನಲ್ಲಿ ಬಂದರು. ಹಿಂದೆ ಜೆಸಿಬಿ. ಜೊತೆಗೆ ಪ್ರಭುಲಿಂಗಪ್ಪ, ನಕ್ಷೆ ಹಿಡಿದ ಅನಂತರಾಯರು. ಸಾಹೇಬರು ಬೋಳು ನೆಲ, ಅದರಾಚೆ ಸುಟ್ಟ ಗುಡ್ಡ ನೋಡಿ ಖುಷಿಯಾದರು.

"ನಿಯಮ ಕೆಲಸ ಮಾಡಿದೆ ನೋಡಿ" ಎಂದರು. "ಎಲ್ಲಿ ಬೇಲಿ?"

"ಸುಟ್ಟೈತ್ರಿ" ಎಂದ ಪ್ರಭುಲಿಂಗಪ್ಪ. ಸುಳ್ಳೇನೂ ಅಲ್ಲ.

"ಇರಲಿ. ಈ ಮನೆ ಪಟ್ಟಿಯೊಳಗೆ ಬರುತ್ತದೆ ತಾನೆ? ಅಳೆದು ತೋರಿಸಿ, ಆಮೇಲೆ ಕೆಡವೋಣ."

ಅನಂತರಾಯರು ನಕ್ಷೆ ಬಿಚ್ಚಿದರು. "ಗೂಟ ಇಲ್ರಿ ಸರ. ಆದ್ರ ಅಳತಿ ಐತಿ. ಹಸನಬಿ ಮನಿ ಈಶಾನ್ಯ ಮೂಲಿಯಿಂದ ಆ ಕಡೆ ಇಪ್ಪತ್ತು, ಈ ಕಡೆ ನಲವತ್ತು."

"ಯಾವ ಹಸನಬಿ?"

"ಇದ ಮನಿ ಸರ."

"ನಾವು ಕೆಡವೋ ಮನೆ?"

"ಹೌದ್ರಿ."

ಜೆಸಿಬಿಯ ಎಂಜಿನು ಗುರ್ ಎನ್ನುತ್ತಲೇ ಇತ್ತು. ಸಾಹೇಬರು ನಕ್ಷೆಯನ್ನೊಮ್ಮೆ, ಮನೆಯನ್ನೊಮ್ಮೆ ನೋಡಿದರು.

"ಕೆಡವಿದ ಮೇಲೆ ಮೂಲೆ ಎಲ್ಲಿರುತ್ತದೆ?"

"ನಕ್ಷಾದಾಗ ಇರತೈತ್ರಿ."

"ನೆಲದ ಮೇಲೆ?"

ಅನಂತರಾಯರು ನೆಲ ನೋಡಿದರು. ಮೂಲೆ ಹೋದರೆ ಪಟ್ಟಿ ಹೋಯಿತು, ಪಟ್ಟಿ ಹೋದರೆ ನಲವತ್ತೆಂಟು ಪ್ಲಾಟಿನ ಅಳತೆ ಹೋಯಿತು, ಅಳತೆ ಹೋದರೆ ಮಂಜೂರಿ ಹೋಯಿತು. ಪ್ರಭುಲಿಂಗಪ್ಪನಿಗೆ ಲೆಕ್ಕ ಎಲ್ಲರಿಗಿಂತ ಮೊದಲು ಹೊಳೆಯಿತು.

"ಬಾಂದಗಲ್ಲು ಹುಡಕ್ರಿ!" ಎಂದು ಕೂಗಿದ. "ಹೊಸಾ ಕಲ್ಲು ನಡ್ಯಾಂಗಿಲ್ಲ, ಸರಕಾರದ ಕಲ್ಲು ಸಿಕ್ಕರ ಎಲ್ಲಾರ ನೆಟ್ಟು ಮೂಲಿ ಅನ್ನೂಣು. ಮನಿ ಬೀಳಸೂಣು."

ಜೀಪಿನ ಡ್ರೈವರನಿಂದ ಹಿಡಿದು ಎಲ್ಲರೂ ಹುಡುಕಲು ಶುರುಮಾಡಿದರು. ಹಸನಬಿಗೆ ಒಗೆಯುವ ಕಲ್ಲು ನೆನಪಾಯಿತು. ಹಿತ್ತಲಿಗೆ ಓಡಿ ಹೊದೆಯಲು ಇದ್ದೊಂದು ಕೌದಿಯನ್ನು ಕಲ್ಲಿನ ಮೇಲೆ ಹಾಸಿ, ಒಂದು ಕೊಡ ನೀರು ಸುರಿದು, ಸಬಕಾರ ಹಚ್ಚಿ ಧಪಧಪ ಬಡಿಯತೊಡಗಿದಳು. ಸಾಹೇಬರು ಸಪ್ಪಳಕ್ಕೆ ಬಂದರು.

"ಏನಮ್ಮಾ, ಇವತ್ತೇ ಬಟ್ಟೆ ಒಗೆಯಬೇಕಾ?"

"ಮನಿ ಹೋಗತೈತ್ರಿ ಸಾಹೇಬ್ರ. ಅರಬಿನರ ಸ್ವಚ್ಛ ಇರಲಿ."

ಅನಂತರಾಯರು ಹಿಂದೆಯೇ ಬಂದರು. ಕೌದಿ ತೊಯ್ದು ಜಾರಿ ಗೋಡೆಯ ಕಡೆಯ ತುದಿ ಗೇಣುದ್ದ ಬಯಲಾಗಿತ್ತು. ಅಲ್ಲಿ ಅರ್ಧ ಸವೆದ ಕೂಡಿಸುವ ಗುರುತು. ಅನಂತರಾಯರು ಗುರುತು ನೋಡಿದರು. ಹಸನಬಿ ಅನಂತರಾಯರನ್ನು ನೋಡಿದಳು. ಎಲ್ಲ ಕಡೆ ಹುಡುಕಲಾಗಿದೆ ಎಂದು ತಾವು ಸಹಿ ಹಾಕಿದ್ದು, ಇದೇ ಕಲ್ಲಿನ ಮೇಲೆ ಕೂತು ಚಹಾ ಕುಡಿದದ್ದು, ಎರಡೂ ಅವರಿಗೆ ಒಟ್ಟಿಗೇ ನೆನಪಾಗಿರಬೇಕು. ಮುಖ ಬೆವರಿತು.

"ಬಿಸಲು ಭಾಳ ಐತಿ" ಎಂದು ಗೊಣಗಿ, ಆ ತುದಿಯ ಮೇಲೆ, ಸಬಕಾರದ ನೀರಿನಲ್ಲಿಯೇ, ಪ್ಯಾಂಟು ತೊಯ್ಯಿಸಿಕೊಂಡು ಕೂತುಬಿಟ್ಟರು.

"ಸಿಕ್ತೇನ್ರಿ?" ಪ್ರಭುಲಿಂಗಪ್ಪ ಆ ಕಡೆಯಿಂದ ಕೂಗಿದ.

"ಇಲ್ರಿ. ಇಲ್ಲಂತೂ ಇಲ್ಲ" ಎಂದರು ಅನಂತರಾಯರು, ಕೂತಲ್ಲಿಂದ ಏಳದೆ.

ಸಾಹೇಬರು ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಆದೇಶ ಬರೆಸಿದರು. ಸದರಿ ಮನೆ ಇನ್ನು ಮುಂದೆ ಮನೆಯಲ್ಲ, ಸುರಕ್ಷಾ ಪಟ್ಟಿಯ ಕಾಯಂ ಅಳತೆಯ ಗುರುತು. ಆದ್ದರಿಂದ ಅದನ್ನು ಯಾರೂ ಕೆಡವತಕ್ಕದ್ದಲ್ಲ, ಸರಿಸತಕ್ಕದ್ದಲ್ಲ, ಈಶಾನ್ಯ ಮೂಲೆಗೆ ಗಿಲಾವು ಮಾಡಿ ದಪ್ಪ ಮಾಡತಕ್ಕದ್ದಲ್ಲ. ಗುರುತಿನೊಳಗೆ ವಾಸಿಸುವವರು ಗುರುತಿನ ಜವಾಬ್ದಾರಿ ಹೊರತಕ್ಕದ್ದು. ಜೆಸಿಬಿ ಬಂದ ದಾರಿಯಲ್ಲಿ ಹೋಯಿತು.

ಆ ಮಳೆಗಾಲ ಈಶಾನ್ಯ ಮೂಲೆ ಸೋರಿತು. ಮೆಹಬೂಬಸುಭಾನಿ ಮಣ್ಣು ಕಲಸಿದ, ಹಸನಬಿ ಬೇಡವೆಂದಳು. ಅರ್ಧ ಇಂಚು ಮಣ್ಣು ಮೆತ್ತಿದರೆ ನಲವತ್ತೆಂಟು ಪ್ಲಾಟು ಅರ್ಧ ಇಂಚು ಜರುಗುತ್ತವಂತೆ, ಯಾವನಿಗೆ ಬೇಕು? ಮೂಲೆಯ ಕೆಳಗೆ ಒಂದು ಬೋಗುಣಿ ಇಟ್ಟಳು. ಹೊಸ ಬೇಲಿ ಬರಲಿಲ್ಲ, ಯಾಕೆಂದರೆ ಪ್ರಭುಲಿಂಗಪ್ಪನಿಗೆ ಮುಂದಿನ ಹೋಳಿ ಕಣ್ಣಮುಂದಿತ್ತು. ದೀಪಾವಳಿಯಿಂದ ಅವಳ ಕುಡಗೋಲು ಮನೆಯ ಸುತ್ತಲಿಂದಲೇ ಮತ್ತೆ ಶುರುವಾಯಿತು.

ವರ್ಷಕ್ಕೊಮ್ಮೆ ಅನಂತರಾಯರು ಸುಣ್ಣದ ಡಬ್ಬಿ ಹಿಡಿದು ಗುರುತು ತಪಾಸಣೆಗೆ ಬರುತ್ತಾರೆ. ಮೂಲೆಗೆ ಸುಣ್ಣ ಬಳಿದು, ಹಿತ್ತಲಿಗೆ ಬಂದು ಅದೇ ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತಾರೆ. ಎರಡನೆಯ ವರ್ಷ ಬಂದಾಗ ಬೆರಳಿನಿಂದ ಗೋಡೆಯ ಕಡೆಯ ತುದಿ ತಡವಿದರು. ಗೆರೆ ಇನ್ನೂ ಸಣ್ಣಗೆ ಕೈಗೆ ಹತ್ತುತ್ತಿತ್ತು.

"ಇನ್ನ ಎಷ್ಟ ವರ್ಷ ಬೇಕವಾ ಇದು ಸವ್ಯಾಕ?"

"ದಿನಾ ಕೌದಿ ಒಗದ್ರ ಎರಡು ವರ್ಷ ಸಾಕ್ರಿ."

ಅನಂತರಾಯರು ಚಹಾದ ಬಸಿ ಕೆಳಗಿಟ್ಟರು. "ನಂದೂ ಎರಡು ವರ್ಷಕ್ಕ ರಿಟಾಯರ್ ಐತಿ. ಜೋರ ಒಗಿ."